ತುಕ್ಕು ಯಾರ ಸೊತ್ತು?

ಹೊಸ ವಸ್ತುವನ್ನು ಹಳೆಯದರಂತೆ ಕಾಣಿಸಿ ಮಾರುವ ಕಸುಬಿಗೆ ಈಗ ಒಂದು ಮರ್ಯಾದಸ್ಥ ಹೆಸರಿದೆ: ಆಂಟಿಕ್ ಫಿನಿಶ್. ಪುಣೆ, ಮುಂಬೈ, ಹೈದರಾಬಾದುಗಳಲ್ಲಿ ಬಾಡಿಗೆ ಮನೆ ಬಿಟ್ಟು ಸ್ವಂತ ಫ್ಲ್ಯಾಟಿಗೆ ಬಂದವರೆಲ್ಲ ಒಂದಲ್ಲ ಒಂದು ಅಂಗಡಿಯಲ್ಲಿ ಈ ಮಾತು ಕೇಳಿಯೇ ಇರುತ್ತಾರೆ. ಮೊನ್ನೆ ಎರಕ ಹೊಯ್ದ ಹಿತ್ತಾಳೆ ದೀಪಕ್ಕೆ ಆಮ್ಲ ಸವರಿ ಕಪ್ಪುಹಸಿರು ಮಾಡಿರುತ್ತಾರೆ. ಹೊಸ ಮೇಜಿನ ಅಂಚು ಉಜ್ಜಿ, ಸರಪಳಿಯಿಂದ ನಾಲ್ಕು ಏಟು ಹಾಕಿ, ಮೂರು ತಲೆಮಾರು ಅದರ ಮೇಲೆ ಉಂಡೆದ್ದ ಹಾಗೆ ಮಾಡಿರುತ್ತಾರೆ. ಅದು ಹೊಸದೆಂದು ಮಾರುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಯಾರಿಗೂ ಮೋಸವಾಗಿಲ್ಲ. ಹಾಗಿದ್ದೂ ಅಲ್ಲೇನೋ ಸರಿಯಿಲ್ಲ ಅನ್ನಿಸುತ್ತದಲ್ಲ, ಆ ಅನಿಸಿಕೆಗೆ ಆಧಾರವಿದೆಯೇ?

ದೀಪ, ಮೇಜುಗಳ ವಿಷಯದಲ್ಲಿ ಈ ಪ್ರಶ್ನೆ ಹೆಚ್ಚು ದೂರ ಹೋಗದು. ನಿಮ್ಮ ಅಭಿರುಚಿ ನಿಮಗೆ, ನನ್ನದು ನನಗೆ ಎಂದು ಮುಗಿಯುತ್ತದೆ. ಬಂದೂಕಿನ ವಿಷಯದಲ್ಲಿ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ನಾನಿಲ್ಲಿ ಹೇಳುತ್ತಿರುವುದು 18ನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಹಡಗೇರಿ ಉತ್ತರ ಅಮೆರಿಕದ ವಸಾಹತುಗಳಿಗೆ ಹೋದ ಬೇಟೆಯ ಚಕಮಕಿ ಬಂದೂಕುಗಳ ಬಗ್ಗೆ. ನಾನು ಕೋವಿ ಹಿಡಿದು ಕಾಡಿಗೆ ಹೋದ ಪೈಕಿಯಲ್ಲ, ಹೋಗುವ ಆಸೆಯೂ ಇಲ್ಲ. ಆದರೆ ಈ ಬಂದೂಕುಗಳ ಪ್ರತಿಕೃತಿಗಳನ್ನು ಅಮೆರಿಕ, ಕೆನಡಾಗಳಲ್ಲಿ ಇಂದಿಗೂ ಕೈಯಲ್ಲೇ ಕೆತ್ತಿ, ಅರೆದು ಮಾಡುವವರಿದ್ದಾರೆ. ಅವರ ನಡುವೆ ಮುಗಿಯದ ಜಗಳವೊಂದು ಇದೆ. ಆ ಜಗಳ ಅಳತೆಯದಲ್ಲ, ಬಣ್ಣದ್ದು. ನಳಿಕೆ ಬೆಳ್ಳಿಯಂತೆ ಹೊಳೆಯಬೇಕೇ, ಕಂದಾಗಿರಬೇಕೇ, ನೀಲಿಯಾಗಿರಬೇಕೇ, ಅಥವಾ ಇನ್ನೂರೈವತ್ತು ವರ್ಷ ಕಂಡದ್ದರಂತೆ ಕಲೆ ಬಿದ್ದಿರಬೇಕೇ? ಕೇಳುವುದಕ್ಕೆ ಹವ್ಯಾಸಿಗಳ ಪಂಚಾಯಿತಿಯ ಹಾಗಿದೆ. ಒಳಹೊಕ್ಕರೆ ಅದು ಸತ್ಯದ ಬಗೆಗಿನ ಜಗಳ. ಇನ್ನೂ ಒಳಹೊಕ್ಕರೆ ಬೇರೆಯೇ ಏನೋ.

ಮೊದಲು ವಸ್ತುವನ್ನು ನೋಡೋಣ. ಫ್ರಾನ್ಸಿನ ಲಿಮೂಸಾಂ ಸೀಮೆಯಲ್ಲಿ ತ್ಯೂಲ್ ಎಂಬ ಊರಿದೆ. 1690ರ ದಶಕದಿಂದ ಅಲ್ಲಿನ ಕಾರ್ಖಾನೆ ಫ್ರಾನ್ಸಿನ ನೌಕಾ ಸಚಿವಾಲಯಕ್ಕೆ ಬಂದೂಕು ಮಾಡಿಕೊಡುತ್ತಿತ್ತು. ವಸಾಹತುಗಳ ಆಡಳಿತ ನೌಕಾ ಸಚಿವಾಲಯದ ಕೈಯಲ್ಲಿದ್ದುದರಿಂದ ಕೆನಡಾದ ಸೇಂಟ್ ಲಾರೆನ್ಸ್ ನದಿಯಿಂದ ಹಿಡಿದು ಮಿಸಿಸಿಪ್ಪಿ ಸಮುದ್ರ ಸೇರುವ ಲೂಯಿಸಿಯಾನದವರೆಗೆ ತ್ಯೂಲಿನ ಸರಕು ಹೋಯಿತು. ಸ್ಯಾಂತ್-ಎತಿಯೆನ್ ಊರಿನ ಸರಕೂ ಹೋಯಿತು. ಸೈನಿಕನ ಬಂದೂಕು ಬೇರೆ, ಬೇಟೆಯದು ಬೇರೆ. ಬೇಟೆಯದು ಹಗುರ, ಬಾಯಿ ಕಿರಿದು, ಅಂದರೆ ಸುಮಾರು 15 ಮಿಲಿಮೀಟರಿನ ಆಸುಪಾಸು. ನಳಿಕೆಯೊಂದೇ ಮೂರೂವರೆ ಅಡಿಗಿಂತ ಉದ್ದ. ನಳಿಕೆಯ ಒಳಮೈ ನುಣುಪಾಗಿದ್ದುದರಿಂದ ಒಂಟಿ ಗುಂಡು ಹಾಕಿದರೆ ಜಿಂಕೆಗೆ, ಸಣ್ಣ ಚರೆ ಹಾಕಿದರೆ ಬಾತುಕೋಳಿಗೆ. ಎರಡಕ್ಕೂ ಅದೊಂದೇ. ಬಡವರ ಆಯುಧಕ್ಕೆ ಇರಬೇಕಾದ ಗುಣವಿದು.

ಅದರ ಆಕಾರದಲ್ಲಿ ಒಂದು ಅಚ್ಚುಕಟ್ಟಿದೆ. ಮದ್ದು ಸಿಡಿಯುವ ಕಡೆ ನಳಿಕೆಗೆ ಎಂಟು ಮುಖ. ಒತ್ತಡ ಹೆಚ್ಚಿರುವಲ್ಲಿ ಲೋಹವೂ ಹೆಚ್ಚು. ಸ್ವಲ್ಪ ಮುಂದೆ ಆ ಎಂಟು ಮುಖ ಕರಗಿ ಗುಂಡಗಾಗುತ್ತದೆ, ಆಮೇಲೆ ತೆಳ್ಳಗಾಗುತ್ತಾ ಬಾಯಿಯವರೆಗೆ ಸಾಗುತ್ತದೆ. ನಳಿಕೆಯನ್ನು ಉದ್ದಕ್ಕೂ ಅಪ್ಪಿಕೊಂಡಿರುವುದು ಅಕ್ರೋಟು ಮರ. ಹೆಗಲಿಗೆ ಒತ್ತುವ ತುದಿಯಲ್ಲಿ ಮರ ಕೆಳಕ್ಕೆ ಉಬ್ಬಿ ಬಾಗುತ್ತದೆ. ಅದಕ್ಕೆ ಫ್ರೆಂಚರಿಟ್ಟ ಹೆಸರು ಹಸುವಿನ ಕಾಲು. ಪಕ್ಕದಿಂದ ನೋಡಿದರೆ ಹೌದಲ್ಲ ಅನ್ನಿಸುತ್ತದೆ. ಬಲಮಗ್ಗುಲಲ್ಲಿ ಕಿಡಿ ಹೊಡೆಯುವ ಯಂತ್ರ: ಕುದುರೆ ಎಳೆದರೆ ದವಡೆಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿನ ಮುಖಕ್ಕೆ ಬಡಿದು, ಕಿಡಿ ಕೆಳಗಿನ ಪುಟ್ಟ ಬಟ್ಟಲಿನ ರಂಜಕಕ್ಕೆ ಬಿದ್ದು, ಸೂಜಿತೂತಿನ ಮೂಲಕ ಬೆಂಕಿ ಒಳಗಿನ ಮದ್ದಿಗೆ ಮುಟ್ಟುತ್ತದೆ. ಮಳೆಗಾಲದಲ್ಲಿ ಇದೆಲ್ಲ ಎಷ್ಟು ಸಲ ಕೈಕೊಟ್ಟಿರಬಹುದು ಎಂಬುದನ್ನು ಮಲೆನಾಡಿನವರು ಊಹಿಸಬಲ್ಲರು.

ಇನ್ನು ಬಣ್ಣ. ಅರಸುಮಕ್ಕಳ ಬಂದೂಕುಗಳಿಗೆ, ಮೂಲನಿವಾಸಿ ನಾಯಕರಿಗೆ ಉಡುಗೊರೆ ಕೊಡುವ ಮೇಲ್ದರ್ಜೆಯವುಗಳಿಗೆ ಅಲಂಕಾರವಿತ್ತು. ಹಿತ್ತಾಳೆಯ ಪಟ್ಟಿ, ಕೆತ್ತನೆ, ಕೆಲವಕ್ಕೆ ನೀಲಿ. ಉಕ್ಕನ್ನು ಸುಮಾರು 300 ಡಿಗ್ರಿಗೆ ಕಾಯಿಸಿದಾಗ ಅದರ ಮೇಲೆ ಕಟ್ಟುವ ತೆಳು ಪೊರೆಯಿಂದ ಆ ನೀಲಿ ಬರುತ್ತದೆ. ಕಂದು ಬಣ್ಣ ಬೇರೆ ರೀತಿ. ನಳಿಕೆಗೆ ಆಮ್ಲದ ದ್ರಾವಣ ಸವರಿ, ತೇವದಲ್ಲಿಟ್ಟು, ಬಂದ ತುಕ್ಕನ್ನು ಉಜ್ಜಿ, ಮತ್ತೆ ಸವರಿ, ಹೀಗೆ ಹಲವು ಸಲ ಮಾಡಿ ಕೊನೆಗೆ ಎಣ್ಣೆ ಹಚ್ಚಿ ನಿಲ್ಲಿಸಬೇಕು. ಹದವಾದ ತುಕ್ಕೇ ಮುಂದಿನ ತುಕ್ಕನ್ನು ತಡೆಯುತ್ತದೆ. ಆದರೆ ತ್ಯೂಲಿನ ಸಾಧಾರಣ ಬೇಟೆ ಬಂದೂಕಿಗೆ ಇವೆರಡೂ ಇರಲಿಲ್ಲ. ಅದರ ಕಬ್ಬಿಣವನ್ನು ಅರೆದು, ತಿಕ್ಕಿ, ಬೆಳ್ಳಗೆ ಹೊಳೆಯುವಂತೆ ಮಾಡಿ ಕಳಿಸುತ್ತಿದ್ದರು. ಬಣ್ಣವೇ ಇಲ್ಲದ್ದು ಅದರ ಬಣ್ಣ.

ಮೂಲ ಬಣ್ಣ ಬಿಳಿ ಎಂದಮೇಲೆ ಜಗಳ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದಿರಲು ಕಾರಣವಿದೆ. ನೀಲಿಯನ್ನೋ ಕಂದನ್ನೋ ಒಮ್ಮೆ ಹಚ್ಚಿ ಬಿಟ್ಟರೆ ಅದು ಒಂದಷ್ಟು ಕಾಲ ತಾನಾಗಿ ನಿಲ್ಲುತ್ತದೆ. ಹೊಳಪು ಹಾಗೆ ನಿಲ್ಲದು. ದೋಣಿಯಲ್ಲಿ ಹೋಗುವವನು ಬರಿಗಬ್ಬಿಣದ ನಳಿಕೆಯನ್ನು ಒಂದು ರಾತ್ರಿ ನದಿಯ ಮಂಜಿನಲ್ಲಿ ಮರೆತರೆ ಬೆಳಿಗ್ಗೆ ಅದರ ಮೇಲೆ ಕೆಂಪು ಚುಕ್ಕಿ. ಗುಂಡು ಹಾರಿಸಿದ ಮೇಲೆ ಉಳಿಯುವ ಮದ್ದಿನ ಮಸಿ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ನೀರಲ್ಲಿ ತೊಳೆಯಬೇಕು, ಒಣಗಿಸಬೇಕು, ಕೊಬ್ಬು ಸವರಬೇಕು. ಆ ಕಾಲದ ಸೈನಿಕರು ಇಟ್ಟಿಗೆಪುಡಿ ಹಾಕಿ ತಿಕ್ಕುತ್ತಿದ್ದರು. ಅಂದರೆ ಹೊಳಪು ಒಂದು ದಿನಚರಿ. ಕಾರ್ಖಾನೆ ಅದನ್ನು ಆರಂಭಿಸಿಕೊಟ್ಟಿತು, ಅಷ್ಟೆ. ಆಮೇಲೆ ಅದು ಹಿಡಿದವರ ಕೈಯಲ್ಲಿತ್ತು. ಅವರಿಗೆ ಪುರುಸೊತ್ತಿತ್ತೇ, ಮನಸ್ಸಿತ್ತೇ, ಹೊಳೆಯುವ ನಳಿಕೆ ದೂರದ ಜಿಂಕೆಗೂ ಕಂಡೀತು ಎಂಬ ಅಂಜಿಕೆಯಿತ್ತೇ ಎಂಬುದರ ಮೇಲೆ ನಿಂತಿತ್ತು. ಮೂಲರೂಪ ಮೂಲರೂಪ ಎಂದು ನಾವು ಹುಡುಕುವ ರೂಪ ಪೆಟ್ಟಿಗೆಯಿಂದ ಹೊರಬಂದ ದಿನವಷ್ಟೇ ಇತ್ತು.

ಪೆಟ್ಟಿಗೆಯಿಂದ ಹೊರಬಾರದ ಬಂದೂಕುಗಳೂ ಇವೆ ಅನ್ನಿ. ಲಾ ಸಾಲ್ ಎಂಬ ಫ್ರೆಂಚ್ ಅನ್ವೇಷಕನ ಲಾ ಬೆಲ್ ಹಡಗು 1686ರಲ್ಲಿ ಟೆಕ್ಸಾಸಿನ ಮ್ಯಾಟಗೋರ್ಡಾ ಕೊಲ್ಲಿಯಲ್ಲಿ ಮುಳುಗಿತು. 1996–97ರಲ್ಲಿ ಸುತ್ತ ಅಣೆಕಟ್ಟಿ ನೀರು ಹೊರಹಾಕಿ ಅದನ್ನು ಅಗೆದಾಗ ಸರಕಿನಲ್ಲಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಬಂದೂಕುಗಳು ಸಿಕ್ಕವು. ಯಾವ ಬೇಟೆಗಾರನ ಕೈಯೂ ತಾಗದ ಸರಕು. ಆದರೆ ಉಪ್ಪುನೀರಿಗೆ ಅದು ಹೊಸದೆಂಬ ದಾಕ್ಷಿಣ್ಯವಿಲ್ಲ. ಸಮುದ್ರದಡಿಯ ಕಬ್ಬಿಣ ಎಷ್ಟೋ ಸಲ ಪೂರ್ತಿ ಕರಗಿಹೋಗಿ, ಸುತ್ತ ಗಟ್ಟಿಯಾದ ಮರಳುಕವಚದೊಳಗೆ ಅದರ ಆಕಾರದ ಟೊಳ್ಳು ಮಾತ್ರ ಉಳಿದಿರುತ್ತದೆ. ಸಂರಕ್ಷಕರು ಆ ಟೊಳ್ಳಿಗೆ ರಾಳ ಹೊಯ್ದು, ಕವಚ ಒಡೆದು, ಇಲ್ಲದ ವಸ್ತುವಿನ ಅಚ್ಚನ್ನು ತೆಗೆಯುತ್ತಾರೆ. ಮೂಲರೂಪದ ಹಂಬಲಿಗರಿಗೆ ಅದಕ್ಕಿಂತ ಶುದ್ಧವಾದ ಆಕಾರ ಸಿಗಲಾರದು. ಕಬ್ಬಿಣ ಮಾತ್ರ ಇಲ್ಲ.

ಪ್ರತಿಕೃತಿ ಮಾಡುವವರ ಜಗಳಕ್ಕೆ ಬರೋಣ. ಒಂದು ಪಂಗಡ ಬಿಳಿಯೇ ಸರಿ ಎನ್ನುತ್ತದೆ. ಇನ್ನೊಂದು ಮ್ಯೂಸಿಯಮ್ಮಿನ ಗಾಜಿನ ಹಿಂದೆ ಕಂದು ನಳಿಕೆ ಕಂಡು, ಹಿಂದೆ ಹಾಗೇ ಇತ್ತು ಎಂದುಕೊಂಡು ಕಂದು ಬಳಿಯುತ್ತದೆ. ಅಜ್ಜನ ಫೋಟೋ ಹಳದಿಯಾಗಿದೆಯೆಂದು ಅಜ್ಜನ ಮೈಬಣ್ಣವೇ ಹಳದಿ ಎಂದಂತೆ; ಇವರನ್ನು ಬಿಟ್ಟುಬಿಡಬಹುದು. ಮೂರನೆಯ ಪಂಗಡದ್ದು ನಿಜವಾದ ಸವಾಲು. ಇವರು ಹೊಸ ಬಂದೂಕಿಗೆ ಮುಪ್ಪು ಬರಿಸುತ್ತಾರೆ. ಬಟ್ಟೆ ಬಿಳುಪಿಸುವ ಬ್ಲೀಚ್ ಹಾಕಿ ನಳಿಕೆಯಲ್ಲಿ ಕುಳಿ ಬೀಳಿಸುತ್ತಾರೆ, ಹೆಬ್ಬೆರಳು ತಾಗುವ ಕಡೆ ಮರವನ್ನು ಸವೆಸುತ್ತಾರೆ, ಕೆತ್ತನೆಯ ಸಂದಿಯಲ್ಲಿ ಮಸಿ ತುಂಬುತ್ತಾರೆ. ಅವರ ವಾದ ಇಷ್ಟು: 1750ರಲ್ಲಿ ಮಿಷಿಗನ್ನಿನ ಕಾಡಿನಲ್ಲಿ ನೀವು ಎದುರಾಗುವ ಹತ್ತು ಬಂದೂಕುಗಳಲ್ಲಿ ಇಂದೇ ಪೆಟ್ಟಿಗೆ ಒಡೆದದ್ದು ಎಷ್ಟಿದ್ದೀತು? ಹೊಳೆಯುವ ಪ್ರತಿಕೃತಿ ಕಾರ್ಖಾನೆಯ ಸತ್ಯ ಹೇಳುತ್ತದೆ, ನಮ್ಮದು ಕಾಡಿನ ಸತ್ಯ ಹೇಳುತ್ತದೆ.

ವಾದ ಗಟ್ಟಿಯಾಗಿದೆ. ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಮೋಸದ ಮಾತು: ನಾಳೆ ಯಾರೋ ಇದನ್ನು ಅಸಲಿ ಎಂದು ಮಾರುತ್ತಾರೆ ಎಂಬುದು. ಅದೂ ಸಣ್ಣ ಮಾತಲ್ಲ. ಮಾತಿಗೂ ವಸ್ತುವಿಗೂ ಆಯುಷ್ಯ ಒಂದೇ ಅಲ್ಲವಲ್ಲ. ಮಾಡಿದವನು ಕೊಂಡವನಿಗೆ ಇದು ಹೊಸದು ಎಂದು ಹೇಳಿರುತ್ತಾನೆ. ಕೊಂಡವನು ಮಗಳಿಗೆ ಹೇಳಿಯಾನು. ಮೊಮ್ಮಗ ಹರಾಜಿಗೆ ಇಡುವ ಹೊತ್ತಿಗೆ ಹೇಳಿದವರು ಯಾರೂ ಇರುವುದಿಲ್ಲ, ಬಂದೂಕು ಇರುತ್ತದೆ, ಅದರ ಮೈಮೇಲಿನ ಸುಳ್ಳೂ ಇರುತ್ತದೆ. ಆದರೆ ಇದಕ್ಕೆ ಪರಿಹಾರವಿದೆ. ನಳಿಕೆಯ ಅಡಿಯಲ್ಲಿ ಹೆಸರು, ಇಸವಿ ಕೊರೆದರಾಯಿತು. ಪ್ರಾಮಾಣಿಕರು ಹಾಗೆ ಕೊರೆಯುತ್ತಾರೆ ಕೂಡ.

ಕೊರೆದ ಮೇಲೂ ಒಂದು ಉಳಿಯುತ್ತದೆ. ಉತ್ತರ ಅಮೆರಿಕದ ಹಳೆಯ ಬಂದೂಕುಗಳಲ್ಲಿ ಹೆಚ್ಚಾಗಿ ಮುರಿದಿರುವುದು ಮರದ ಅತಿ ತೆಳುವಾದ ಜಾಗ, ಕೈ ಹಿಡಿಯುವ ಮಣಿಕಟ್ಟಿನ ಕಡೆ. ಮೂಲನಿವಾಸಿ ಬೇಟೆಗಾರರು ಅದಕ್ಕೆ ಹಸಿ ಚರ್ಮವನ್ನು ಸುತ್ತಿ ಹೊಲಿಯುತ್ತಿದ್ದರು. ಚರ್ಮ ಒಣಗುತ್ತ ಬಿಗಿದು ಮುರಿದ ಮರವನ್ನು ಕಚ್ಚಿ ಹಿಡಿಯುತ್ತಿತ್ತು. ಕೆಲವರು ಮರದ ತುಂಬ ಹಿತ್ತಾಳೆ ಮೊಳೆ ಬಡಿದು ತಮ್ಮ ವಿನ್ಯಾಸ ಮೂಡಿಸಿಕೊಂಡರು. ರಿಪೇರಿಗೂ ಬಾರದ ನಳಿಕೆಯ ತುದಿಯನ್ನು ಬಡಿದು ಚಪ್ಪಟೆ ಮಾಡಿ ತೊಗಲು ಹೆರೆಯುವ ಉಳಿ ಮಾಡಿಕೊಂಡರು. ಈಗ ಸಂಗ್ರಹಕಾರರ ಪೇಟೆಯಲ್ಲಿ ಹಿತ್ತಾಳೆ ಮೊಳೆಯ ಬಂದೂಕಿಗೆ ಬೆಲೆ ಹೆಚ್ಚು. ಹಾಗಾಗಿ ನಕಲಿ ಮೊಳೆ ಬಡಿದವೂ ಹೆಚ್ಚು. ಚರ್ಮದ ಸುತ್ತು ಒಂದು ವಾಕ್ಯ ಹೇಳುತ್ತದೆ: ಇದು ಮುರಿಯಿತು, ಬೇರೆ ಕೊಳ್ಳಲಾಗಲಿಲ್ಲ, ಚಳಿಗಾಲ ಎದುರಿಗಿತ್ತು, ಇದೇ ಬೇಕಿತ್ತು. ಮುರಿಯದ ಮರಕ್ಕೆ ಚರ್ಮ ಸುತ್ತಿದರೆ ಆ ವಾಕ್ಯವನ್ನು ಯಾರು ಆಡಿದಂತಾಯಿತು? ಹೆಸರು ಕೊರೆದಿದ್ದರೂ ಅದು ಇನ್ನೊಬ್ಬರ ಕಷ್ಟವನ್ನು ಅಲಂಕಾರಕ್ಕೆ ತಂದುಕೊಂಡದ್ದೇ.

ನಟ ಮಾಡುವುದೂ ಇದನ್ನೇ ಅಲ್ಲವೇ, ಕಾದಂಬರಿಕಾರ ಮಾಡುವುದೂ ಇದನ್ನೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ನಾಟಕಕ್ಕೆ ಪರದೆಯಿದೆ, ಅದು ಬೀಳುತ್ತದೆ. ಸಿನಿಮಾಕ್ಕೆಂದು ಮುಪ್ಪು ಬರಿಸಿದ ಬಂದೂಕಿನ ಬಗ್ಗೆ ನನಗೆ ತಕರಾರಿಲ್ಲ. ಗೋಡೆಯ ಮೇಲೆ ತೂಗುಹಾಕಿದ್ದಕ್ಕೆ ಪರದೆ ಎಲ್ಲಿ? ಕಾಡಿನ ಸತ್ಯ ಬೇಕೆಂದರೆ ಹೊಳೆಯುವ ಬಂದೂಕನ್ನು ಕಾಡಿಗೇ ಒಯ್ಯಬಹುದು. ನಾಲ್ಕು ಮಳೆಗೆ ಅದು ತಾನೇ ಹೇಳಬೇಕಾದದ್ದನ್ನು ಹೇಳಲು ಶುರು ಮಾಡುತ್ತದೆ. ಎಪ್ಪತ್ತು ದಾಟಿದ ಮೇಲೆ ಕೊಳ್ಳುವವರಿಗೆ ಅಷ್ಟು ಪುರುಸೊತ್ತಿಲ್ಲ ನಿಜ. ಅವರಿಗೆ ನನ್ನಲ್ಲಿ ಉತ್ತರವಿಲ್ಲ, ಸಹಾನುಭೂತಿಯಿದೆ.

ಇನ್ನೊಂದು ತುದಿ ಹಳೆಯದನ್ನು ಹೊಸದು ಮಾಡುವುದು. 19ನೆಯ ಶತಮಾನದಲ್ಲಿ ಚಕಮಕಿ ಹೋಗಿ ಕೇಪಿನ ಬಂದೂಕು ಬಂದಾಗ ಜನ ಹಳೆಯದನ್ನು ಬಿಸಾಡಲಿಲ್ಲ. ಬಟ್ಟಲು ಕಿತ್ತು ಕೇಪು ಕೂರುವ ಮೊಲೆ ಹಾಕಿಸಿಕೊಂಡರು. ನೂರು ವರ್ಷದ ನಂತರ ವ್ಯಾಪಾರಿಗಳು ಅದನ್ನು ಕಿತ್ತು ಮತ್ತೆ ಚಕಮಕಿ ಕೂರಿಸಿದರು, ಮೂಲರೂಪಕ್ಕೆ ಬೆಲೆ ಜಾಸ್ತಿಯೆಂದು. ನಡುವಿನ ನೂರು ವರ್ಷ ಅದನ್ನು ಹಿಡಿದವರು ಲೆಕ್ಕಕ್ಕೇ ಇಲ್ಲದಾದರು. ಯುರೋಪಿನಲ್ಲಿ ಕಟ್ಟಡಗಳ ವಿಷಯವಾಗಿ ಇದೇ ವಾದ ನಡೆದಿತ್ತು. ಫ್ರಾನ್ಸಿನ ವಿಯೊಲೆ-ಲ-ದ್ಯುಕ್ ಕಟ್ಟಡವನ್ನು ಪರಿಪೂರ್ಣ ಸ್ಥಿತಿಗೆ ತರಬೇಕು, ಅಂಥ ಸ್ಥಿತಿ ಹಿಂದೆ ಎಂದೂ ಇಲ್ಲದಿದ್ದರೂ ಸರಿ ಎಂದ. ಇಂಗ್ಲೆಂಡಿನ ರಸ್ಕಿನ್ 1849ರಲ್ಲೇ ಜೀರ್ಣೋದ್ಧಾರವೆಂಬುದು ಶುದ್ಧ ಸುಳ್ಳು ಎಂದಿದ್ದ. ಇಂದಿನ ಮ್ಯೂಸಿಯಮ್ಮುಗಳು ಬಹುಮಟ್ಟಿಗೆ ರಸ್ಕಿನ್ನನ ಕಡೆ: ಕಡಿಮೆ ಮುಟ್ಟು, ಮುಟ್ಟಿದ್ದನ್ನು ತೆಗೆಯಲು ಬರುವಂತೆ ಮುಟ್ಟು.

ನೋಡಿ, ಜೀರ್ಣೋದ್ಧಾರ ಎಂಬ ಪದ ಬರೆಯುವಾಗಲೇ ಕೈ ತಡೆಯಿತು. ಕನ್ನಡದಲ್ಲಿ ಅದು ಪುಣ್ಯದ ಕೆಲಸ. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸಿದವರಿಗೆ ಶಾಸನ ಹಾಕಿಸಿದ್ದೇವೆ. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕದ ದೀಪದ ಕಂಬವನ್ನು ಕಂಡು ಆಹಾ ಕಾಲದ ಬಣ್ಣ ಎನ್ನುವ ಅಜ್ಜಿ ನಮ್ಮ ಕಡೆ ಯಾರಿಗೂ ಇರಲಿಲ್ಲ. ಆಯುಧಪೂಜೆಗೆ ಕತ್ತಿ, ಕುಡುಗೋಲು, ಕೋವಿ ಎಲ್ಲವೂ ಹೊಳೆಯಬೇಕು. ಕಪ್ಪಾದ ಹಿತ್ತಾಳೆ ನಮಗೆ ಹಳಮೆಯ ಗುರುತಾಗಿ ಕಾಣುವುದಿಲ್ಲ, ಆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂಬುದರ ಗುರುತಾಗಿ ಕಾಣುತ್ತದೆ. ಹಾಗಾಗಿ ಮುಟ್ಟಬೇಡಿ ಎಂಬ ಮ್ಯೂಸಿಯಮ್ಮಿನ ನೀತಿಯನ್ನು ಎಲ್ಲ ಕಾಲಕ್ಕೂ ಎಲ್ಲರಿಗೂ ಅನ್ವಯವಾಗುವ ಧರ್ಮವೆಂದು ಒಪ್ಪಲು ನಾನು ತಯಾರಿಲ್ಲ. ಇಟ್ಟಿಗೆಪುಡಿಯಲ್ಲಿ ನಳಿಕೆ ತಿಕ್ಕಿದ ಆ ಕಾಲದ ಮನುಷ್ಯ ಮ್ಯೂಸಿಯಮ್ಮಿನವರಿಗಿಂತ ನಮ್ಮ ಅಜ್ಜಿಗೇ ಹತ್ತಿರದವನು. ಇಬ್ಬರೂ ತಿಕ್ಕುವುದು ನಾಳೆಯೂ ಬಳಸಲಿಕ್ಕೆ. ವ್ಯಾಪಾರಿ ತಿಕ್ಕುವುದು ಮಾರಲಿಕ್ಕೆ. ಕೈ ಒಂದೇ ರೀತಿ ಆಡಿದರೂ ಕೆಲಸ ಒಂದೇ ಅಲ್ಲ.

ಫ್ರೆಂಚ್ ಬಂದೂಕಿನ ವಿದ್ಯೆಗೂ ನಮ್ಮ ನಾಡಿಗೂ ಒಂದು ನಂಟಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದಾಗ ಕೇಳಿಕೊಂಡವುಗಳಲ್ಲಿ ಕುಶಲಕರ್ಮಿಗಳೂ ಸೇರಿದ್ದರು. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಯುರೋಪಿನ ಮಾದರಿಯ ಚಕಮಕಿ ಬಂದೂಕುಗಳು ಹುಲಿಯ ಅಲಂಕಾರ ಹೊತ್ತು ತಯಾರಾದವು. 1799ರ ಲೂಟಿಯಲ್ಲಿ ಅವು ಕಡಲು ದಾಟಿದವು. ಇಂದು ಬ್ರಿಟನ್ನಿನ ಸಂಗ್ರಹಗಳಲ್ಲಿರುವ ಅಂಥ ಬಂದೂಕುಗಳ ಚಿನ್ನ ಬೆಳ್ಳಿಯ ಕೆಲಸ ನಿನ್ನೆ ಮೊನ್ನೆಯದರಂತಿದೆ. ಅವುಗಳಿಗೆ ಮುಪ್ಪು ಬರಲಿಲ್ಲ, 1799ರಲ್ಲೇ ಕೆಲಸ ನಿಂತುಹೋಯಿತಲ್ಲ. ಲೂಟಿ ಮಾಡಿದವರ ಕಣ್ಣಿಗೆ ಚೆಂದ ಕಂಡದ್ದು ಉಳಿಯಿತು. ಉಳಿದದ್ದನ್ನು ನೋಡಿ ಆ ಕಾಲದ ಬಂದೂಕು ಹೀಗಿತ್ತು ಎನ್ನುತ್ತೇವೆ. ಫ್ರಾನ್ಸಿನದೂ ಇದೇ ಕತೆ. ದೊರೆಗಳ ಬಂದೂಕು ಅರಮನೆಯಿಂದ ಗಾಜಿನ ಪೆಟ್ಟಿಗೆಗೆ ಹೋಯಿತು. ಸಾಧಾರಣ ಬೇಟೆ ಬಂದೂಕು ಬಳಕೆಯಲ್ಲೇ ಸವೆದುಹೋಯಿತು. ಅದನ್ನು ನೋಡಬೇಕೆಂದರೆ ನೆಲ ಅಗೆಯಬೇಕು.

ಅಗೆದರೆ ಏನು ಸಿಗುತ್ತದೆ? ಮಿಷಿಗನ್ನಿನ ನೈಲ್ಸ್ ಊರಿನ ಬಳಿ ಫೋರ್ಟ್ ಸೇಂಟ್ ಜೋಸೆಫ್ ಎಂಬ ಫ್ರೆಂಚ್ ಠಾಣೆಯಿತ್ತು. 1998ರಿಂದ ಅಲ್ಲಿ ನಡೆದ ಉತ್ಖನನದಲ್ಲಿ ಬಂದೂಕಿನ ಬಿಡಿಭಾಗಗಳ ಒಂದು ಗಂಟೇ ಸಿಕ್ಕಿತು, ಬಂದೂಕು ರಿಪೇರಿಗಾರನೊಬ್ಬ ಕೂಡಿಟ್ಟದ್ದು. ಫ್ರೆಂಚರು ಠಾಣೆಗಳಲ್ಲಿ ಕಮ್ಮಾರರನ್ನು ಇಟ್ಟು ಮೂಲನಿವಾಸಿಗಳ ಬಂದೂಕು ಸರಿಮಾಡಿಸಿಕೊಡುತ್ತಿದ್ದುದು ಔದಾರ್ಯಕ್ಕಲ್ಲ. ಮೈತ್ರಿಯ ನಿಭಾವಣೆ ಅದು. ಬಿಲ್ಲು ಮುರಿದರೆ ಕಾಡಿನಲ್ಲೇ ಇನ್ನೊಂದು ಬಿಲ್ಲಿದೆ. ಬಂದೂಕಿನ ಸ್ಪ್ರಿಂಗು ಮುರಿದರೆ ಕಮ್ಮಾರ ಬೇಕು, ಮದ್ದು ಮುಗಿದರೆ ಹಡಗು ಬರಬೇಕು. ಹಸುವಿನ ಕಾಲಿನ ಆ ಸುಂದರ ಬಾಗಿನ ಹಿಂದೆ ಈ ಅವಲಂಬನೆಯಿತ್ತು, ತೊಗಲಿನ ಸಾಲವಿತ್ತು, ಬೇರೆಯವರ ಯುದ್ಧಗಳಿದ್ದವು. ಒಂದು ಬಂದೂಕಿನ ಯಂತ್ರ ಇನ್ನೊಂದರ ಮರಕ್ಕೆ ಸೇರಿ, ಮೂರನೆಯದರ ತಿರುಪು ಹಾಕಿಸಿಕೊಂಡು ಕಾಡಿಗೆ ಮರಳುತ್ತಿತ್ತು. ಮೂಲರೂಪ ಎಂಬ ಮಾತು ಇಂಥ ಕಡೆ ಅರ್ಥ ಕಳೆದುಕೊಳ್ಳುತ್ತದೆ.

ಈ ಎಲ್ಲ ವಾದವನ್ನೂ ತಡೆದು ನಿಲ್ಲಿಸುವ ಒಂದು ಪ್ರಕರಣವಿದೆ. ಮಿಸಿಸಿಪ್ಪಿ ದಡದ ಟ್ಯೂನಿಕಾ ಜನ ಫ್ರೆಂಚರ ಮಿತ್ರರು. ಉಪ್ಪು, ಕುದುರೆಗಳ ವ್ಯಾಪಾರದಲ್ಲಿ ನುರಿತವರು. 1731ರಲ್ಲಿ ನ್ಯಾಚೆಜ್ ಜನ ಅವರ ಊರಿನ ಮೇಲೆ ಬಿದ್ದು ಅವರ ನಾಯಕನನ್ನು ಕೊಂದರು. ಉಳಿದವರು ಬೇರೆಡೆ ಹೋಗಿ ಇಂದಿನ ಲೂಯಿಸಿಯಾನದ ಅಂಗೋಲಾ ಜೈಲಿನ ಹತ್ತಿರದ ಒಂದು ಜಾಗದಲ್ಲಿ 1764ರವರೆಗೆ ಬದುಕಿದರು. ಸತ್ತವರನ್ನು ಹೂಳುವಾಗ ಜೊತೆಗೆ ಅವರ ಸೊತ್ತನ್ನೂ ಇಟ್ಟರು: ತಮ್ಮದೇ ಮಡಕೆ ಕುಡಿಕೆ, ಫ್ರೆಂಚರ ಕಡಾಯಿ, ಗಾಜಿನ ಮಣಿ, ಶೀಶೆ, ಚಾಕು, ಬಂದೂಕು, ಚಕಮಕಿ ಕಲ್ಲು, ಗುಂಡು.

1960ರ ದಶಕದ ಕೊನೆಯಲ್ಲಿ ಅದೇ ಜೈಲಿನ ಕಾವಲುಗಾರನೊಬ್ಬ ಹಳೆಯ ನಕಾಶೆಗಳನ್ನು ಓದಿ, ಜಾಗ ಪತ್ತೆ ಹಚ್ಚಿ, ಬಿಡುವಿನ ವೇಳೆಯಲ್ಲಿ ಒಬ್ಬನೇ ಅಗೆಯತೊಡಗಿದ. ವರ್ಷಗಟ್ಟಲೆ ಅಗೆದು ಎರಡು ಟನ್ನಿನಷ್ಟು ವಸ್ತುಗಳನ್ನು ಹೊರತೆಗೆದ. ವಿದ್ವಾಂಸರಿಗೆ ಅದು ನಿಧಿಯೇ. ಹಾರ್ವರ್ಡಿನ ಪೀಬಡಿ ಮ್ಯೂಸಿಯಂ ಅದನ್ನು ಅಧ್ಯಯನ ಮಾಡಿ 1979ರಲ್ಲಿ ದೊಡ್ಡ ಗ್ರಂಥ ತಂದಿತು. ಆ ಕಾಲದ ಫ್ರೆಂಚ್ ವ್ಯಾಪಾರದ ಬಂದೂಕುಗಳ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿ ಇಂಥ ಸಮಾಧಿಗಳ ಪಾಲಿದೆ. ಮೇಲೆ ನಾನು ಬರೆದ ವಿವರಗಳಿಗೂ ಅದರ ಋಣ ಎಲ್ಲೋ ತಾಗಿಯೇ ಇದೆ. ಬಣ್ಣದ ಜಗಳದ ಎರಡೂ ಪಂಗಡಗಳು ತಮ್ಮ ಸಾಕ್ಷ್ಯವನ್ನು ತರುವುದು ಹೀಗೆ ಅಗೆದ ನೆಲದಿಂದಲೂ ಹೌದು.

ವಸ್ತುಗಳ ಒಡೆತನ ತನ್ನದೆಂದು ಕಾವಲುಗಾರ ದಾವೆ ಹೂಡಿದ. ಅವನ ವಾದ ತೀರ ಪೊಳ್ಳೇನಲ್ಲ. ಹೂತವರು ಅವನ್ನು ಬಿಟ್ಟುಕೊಟ್ಟರು, ಬಿಟ್ಟದ್ದು ಕಂಡವರದು. ಅದಿಲ್ಲವಾದರೆ ತನ್ನ ವರ್ಷಗಳ ದುಡಿಮೆಗೆ ಪ್ರತಿಫಲವಾದರೂ ಬೇಕು. ಈ ನಡುವೆ ಟ್ಯೂನಿಕಾ-ಬಿಲೋಕ್ಸಿ ಜನರಿಗೆ 1981ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಮಾನ್ಯತೆ ಸಿಕ್ಕಿತು, ಅವರೂ ನ್ಯಾಯಾಲಯಕ್ಕೆ ಬಂದರು. 1986ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದರ ಸಾರ: ಸತ್ತವರ ಜೊತೆ ಇಟ್ಟದ್ದು ಬಿಟ್ಟದ್ದಲ್ಲ. ಬಿಟ್ಟದ್ದೆಂದರೆ ಮೊದಲು ಬಂದವರು ತೆಗೆದುಕೊಳ್ಳಲಿ ಎಂಬ ಇರಾದೆ ಇರಬೇಕು. ಸಮಾಧಿಯಲ್ಲಿ ಇಡುವವರ ಇರಾದೆ ಅದು ಅಲ್ಲೇ ಇರಲಿ ಎಂಬುದು. ಹಾಗಲ್ಲದಿದ್ದರೆ ಮಣ್ಣು ಮುಚ್ಚಿ ಬಂಧುಗಳು ಬೆನ್ನು ತಿರುಗಿಸಿದ ಗಳಿಗೆಯಲ್ಲೇ ಯಾರು ಬೇಕಾದರೂ ಅಗೆಯಬಹುದಾಗುತ್ತದೆ. ದುಡಿಮೆಯ ಪ್ರತಿಫಲವನ್ನೂ ನ್ಯಾಯಾಲಯ ಒಪ್ಪಲಿಲ್ಲ. ಮೂಲನಿವಾಸಿಗಳ ಸಮಾಧಿವಸ್ತುಗಳನ್ನು ಮರಳಿಸುವ ರಾಷ್ಟ್ರೀಯ ಕಾನೂನು ಬಂದದ್ದು ನಾಲ್ಕು ವರ್ಷದ ನಂತರ, 1990ರಲ್ಲಿ.

ಈಗ ಹೇಳಿ, ಸಮಾಧಿಯ ಬಂದೂಕಿಗೆ ಸರಿಯಾದ ಬಣ್ಣ ಯಾವುದು? ತ್ಯೂಲಿನವನೋ ಸ್ಯಾಂತ್-ಎತಿಯೆನ್ನಿನವನೋ ಕೊಟ್ಟ ಹೊಳಪೇ? ಅದನ್ನು ಹಿಡಿದವರ ಕೈಯ ಸವಕಳಿಯೇ? ಎರಡು ಶತಮಾನ ಮಣ್ಣು ಕೊಟ್ಟ ತುಕ್ಕೇ? ಅದನ್ನು ಅಲ್ಲಿಟ್ಟವರು ಯಾವ ಬಣ್ಣವನ್ನೂ ಯಾರೂ ನೋಡಬಾರದೆಂದೇ ಇಟ್ಟಿದ್ದರು. ಕಾಲದ ಗುರುತನ್ನು ಗೌರವಿಸಿ ಎಂಬ ನನ್ನ ವಾದವನ್ನು ಕೊನೆಯವರೆಗ ಎಳೆದರೆ, ಆ ಬಂದೂಕುಗಳನ್ನು ಹಾಗೇ ಒಯ್ದು ಮತ್ತೆ ಹೂಳಿ, ಮಣ್ಣು ತನ್ನ ಕೆಲಸ ಮುಗಿಸಲಿ ಎನ್ನಬೇಕಾಗುತ್ತದೆ. ನ್ಯಾಯವಾಗಿ ಕಾಣುತ್ತದೆ. ದೂರದಲ್ಲಿ ಕೂತವರಿಗೆ ಇಂಥ ನ್ಯಾಯ ಬಲು ಬೇಗ ಹೊಳೆಯುತ್ತದೆ.

ಟ್ಯೂನಿಕಾ-ಬಿಲೋಕ್ಸಿ ಜನ ಮಾಡಿದ್ದು ಬೇರೆ. ವಸ್ತುಗಳು ಕೈಗೆ ಬಂದ ಮೇಲೆ ಲೂಯಿಸಿಯಾನದ ಮಾರ್ಕ್ಸ್‌ವಿಲ್‌ನ ತಮ್ಮ ನೆಲದಲ್ಲಿ ಹಳೆಯ ಮಣ್ಣುದಿಬ್ಬದ ಆಕಾರದಲ್ಲಿ ಒಂದು ಮ್ಯೂಸಿಯಂ ಕಟ್ಟಿಕೊಂಡರು. ತಮ್ಮವರನ್ನೇ ಸಂರಕ್ಷಣೆಯ ವಿದ್ಯೆಗೆ ತರಬೇತು ಮಾಡಿಸಿ, ತಮ್ಮದೇ ಪ್ರಯೋಗಾಲಯದಲ್ಲಿ ತುಕ್ಕು ತೆಗೆದರು, ಕಡಾಯಿಯ ಕಿಲುಬು ತೆಗೆದರು. ಪೂರ್ವಿಕರು ಮಣ್ಣಿಗೆ ಕೊಟ್ಟದ್ದನ್ನು ಮೊಮ್ಮಕ್ಕಳು ಬೆಳಕಿಗೆ ಇಟ್ಟರು. ಇದು ಆ ಹೂತವರ ಇಚ್ಛೆಗೆ ವಿರುದ್ಧ ಎಂದು ವಾದಿಸಬಹುದು. ಆದರೆ ವಾದಿಸುವ ಹಕ್ಕು ಯಾರಿಗೆ? ಸತ್ತವರ ಪರವಾಗಿ ಅವರ ಮಕ್ಕಳಿಗಿಂತ ಹೆಚ್ಚು ಚೆನ್ನಾಗಿ ನಾನು ಮಾತಾಡಬಲ್ಲೆ ಎಂಬ ಭರವಸೆ ಕಾವಲುಗಾರನಲ್ಲೂ ಇತ್ತು, ಬೇರೊಂದು ರೂಪದಲ್ಲಿ. ಯಾವ ಬಣ್ಣ ಸರಿ ಎಂದು ಹೊರಟ ಪ್ರಶ್ನೆ ಇಲ್ಲಿ ಬಂದು ಯಾರು ಹೇಳಬೇಕು ಎಂದಾಗುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಮುಪ್ಪು ಬರಿಸಿದ ಪ್ರತಿಕೃತಿಯ ಬಗ್ಗೆ ನನಗಿರುವ ಕಸಿವಿಸಿಯೂ ಅದೇ: ಆ ಸವಕಳಿಯ ಬಗ್ಗೆ ಹೇಳಲು ಅದನ್ನು ಸವೆಸಿದವರು ಇಲ್ಲ, ಅವರ ಕಡೆಯವರನ್ನು ಯಾರೂ ಕೇಳಿಲ್ಲ.

ಅಗೆದು ತೆಗೆದ ಕಬ್ಬಿಣವನ್ನು ಉಳಿಸುವುದು ನಿಧಾನದ ಕೆಲಸ. ಒಳಗೆ ಸೇರಿದ ಉಪ್ಪಿನಂಶ ಹೊರಬರದಿದ್ದರೆ ಗಾಜಿನ ಪೆಟ್ಟಿಗೆಯೊಳಗೂ ಅದು ಪುಡಿಯಾಗುತ್ತಲೇ ಇರುತ್ತದೆ. ಕ್ಷಾರದ ನೀರಿನಲ್ಲಿ ಮುಳುಗಿಸಿ, ಸಣ್ಣ ವಿದ್ಯುತ್ ಹರಿಸಿ, ತಿಂಗಳುಗಟ್ಟಲೆ ಕಾಯಬೇಕು. ನೀರು ಬದಲಿಸಬೇಕು, ಮತ್ತೆ ಕಾಯಬೇಕು. ಕೊನೆಗೆ ತೊಳೆದು, ಒಣಗಿಸಿ, ಟ್ಯಾನಿಕ್ ಆಮ್ಲ ಸವರಿ, ಮೇಣ ಹಚ್ಚುವುದು ವಾಡಿಕೆ. ಆಗ ಕಬ್ಬಿಣಕ್ಕೆ ಬರುವುದು ಬಿಳಿಯಲ್ಲ, ಕಂದಲ್ಲ, ನೀಲಿಯೂ ಅಲ್ಲ. ಯಾವ ಕಾರ್ಖಾನೆಯೂ ಕೊಡದ ಒಂದು ಮಂದವಾದ ಕಪ್ಪು.